ಪಾಠಯೋಜನೆ ಹದಿನೇಳು

ಹಾಳೆಯನ್ನು ಐದು ಅಂಕಣ ಮಾಡಿದ್ದೇನೆ:
ಉದ್ದೇಶ, ಶಿಕ್ಷಕರ ಚಟುವಟಿಕೆ, ಮಕ್ಕಳ ಚಟುವಟಿಕೆ,
ಕಪ್ಪುಹಲಗೆ, ಮೌಲ್ಯಮಾಪನ.
ನಲವತ್ತೊಂದರ ವಯಸ್ಸಿಗೆ ಸ್ಕೇಲು ಹಿಡಿದರೆ
ಗೆರೆ ತುಸು ನಡುಗುತ್ತದೆ.
ಹದಿನಾರು ವರ್ಷ ಪಾಠ ಮಾಡಿ
ಪಾಠ ಮಾಡುವುದು ಹೇಗೆಂದು ಕಲಿಯಲು ಬಂದಿದ್ದೇನೆ
ಕೋಲಾರದ ಈ ಕಾಲೇಜಿಗೆ. ಎಂ.ಎಡ್.
ಐಚ್ಛಿಕ ಪತ್ರಿಕೆ: ಪರಿಸರ ಶಿಕ್ಷಣ.
ಪಕ್ಕದ ಬೆಂಚಿನ ಹುಡುಗಿ ನನ್ನನ್ನು ಆಂಟಿ ಅನ್ನುತ್ತಾಳೆ,
ನಾಲಿಗೆ ಕಚ್ಚಿಕೊಂಡು
ನಸ್ರೀನ್ ಮೇಡಂ ಅನ್ನುತ್ತಾಳೆ.

ಘಟಕ: ನಮ್ಮೂರ ಕೆರೆ. ಅವಧಿ: ನಲವತ್ತು ನಿಮಿಷ.
ನಿರೀಕ್ಷಿತ ಉತ್ತರಗಳನ್ನು ಆವರಣದೊಳಗೆ ಬರೆಯಬೇಕು.
ಬರೆದೆ. ಮಗು ಇನ್ನೂ ಬಾಯಿ ತೆರೆದಿಲ್ಲ,
ಅದರ ಮಾತು ಆಗಲೇ ನನ್ನ ಚೀಲದಲ್ಲಿ
ಮಡಚಿ ಕೂತಿದೆ, ಚಪಾತಿ ಡಬ್ಬಿಯ ಪಕ್ಕ.

ಏರಿಯ ಮೇಲೆ ಇಪ್ಪತ್ತಮೂರು ಮಕ್ಕಳು, ಆರನೇ ತರಗತಿ.
ಹೊಂಗೆಯ ನೆರಳಲ್ಲಿ ಮಡಚುವ ಕುರ್ಚಿ ಹಾಕಿಸಿಕೊಂಡು
ವೀಕ್ಷಕರು, ಆಂಜಿನಪ್ಪ ಸರ್,
ತೊಡೆಯ ಮೇಲೆ ಇಪ್ಪತ್ತೈದು ಅಂಕದ ಹಾಳೆ.

ಅದೋ, ನೀರಂಚಲ್ಲಿ ಒಂಟಿಕಾಲಲ್ಲಿ ನಿಂತ ಆ ಬಿಳಿ ಹಕ್ಕಿ ಯಾವುದು?
(ಬೆಳ್ಳಕ್ಕಿ.)
‘ಕೊಂಗ’ ಅಂದ ವೆಂಕಟರವಣ.
ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ,
ಕೆರೆಯ ಹತ್ತಿರ ಯಾವುದೆಂದು
ಅವನಿಗೆ ಯಾರೂ ಹೇಳಿರಲಿಲ್ಲ.
ನಮ್ಮಮ್ಮ ಅದನ್ನೇ ಬಗ್ಲಾ ಅನ್ನುತ್ತಿದ್ದಳು,
ಸೂಜಿಗೆ ದಾರ ಪೋಣಿಸುತ್ತ, ತಲೆಯೆತ್ತದೆ,
ಅಂಗಳದಲ್ಲಿ ಹಾದ ನೆರಳಿಗೇ.
ನನ್ನದು ಸುರುಳಿ ಹಲಗೆ, ಜಾಗ ಕಡಿಮೆ.
ಮೂರನ್ನೂ ಬರೆದೆ, ಒತ್ತೊತ್ತಾಗಿ.
ಸರ್ ಏನನ್ನೋ ಗೀಚಿಕೊಂಡರು.

ಅಷ್ಟರಲ್ಲಿ ತೂಬಿನ ಕಡೆಯಿಂದ ಗಾಳಿ ಎದ್ದು
ಒಂದು ಮುಷ್ಟಿ ನೊರೆ ತಂದು
ನಾಗವೇಣಿಯ ಜಡೆಯ ಮೇಲೆ ಇಟ್ಟಿತು.
ಎಲ್ಲರೂ ನಕ್ಕರು. ಅವಳು ನಗಲಿಲ್ಲ.
ಬೆರಳಲ್ಲಿ ತೆಗೆದು ಮೂಸಿ ನೋಡಿದಳು.
‘ಮಿಸ್, ಇದು ಬೆಂಗಳೂರಿನವರು ಸ್ನಾನ ಮಾಡಿದ ನೀರಂತೆ.
ತೊಳೆದು ಕಳಿಸ್ತಾರಂತೆ.
ನೀರನ್ನ ಯಾವುದ್ರಲ್ಲಿ ತೊಳೀತಾರೆ?’

(                    )

ನನಗೆ ಗೊತ್ತಿದ್ದದ್ದು: ಜರಡಿ, ತಂಗುತೊಟ್ಟಿ,
ಕೊಳಕು ತಿನ್ನುವ ಕಣ್ಣಿಗೆ ಕಾಣದ ಜೀವಿಗಳು.
ಹಂತ ಒಂದು, ಹಂತ ಎರಡು.
ಮೂರನೆಯದರ ಬಗ್ಗೆ ದೊಡ್ಡವರು ಇನ್ನೂ
ಮಾತಾಡಿಕೊಳ್ಳುತ್ತಿದ್ದಾರೆ.
‘ನಮ್ಮ ಬಾವೀಲಿ ನೀರು ಬಂತು ಮಿಸ್, ನಾನು ಹುಟ್ಟಿದ ಮೇಲೆ ಫಸ್ಟು’
ಅಂದ ಒಬ್ಬ.
‘ಕುಡೀಬೇಡ ಅಂತಾಳೆ ನಮ್ಮವ್ವ, ಟೊಮೇಟೊಗೆ ಬಿಡು ಅಂತಾಳೆ.
ಟೊಮೇಟೊ ನಾವೇ ತಿಂತೀವಿ.’

ಗೊತ್ತಿಲ್ಲ, ಅಂದೆ.
ಹದಿನಾರು ವರ್ಷದಲ್ಲಿ ತರಗತಿಯ ಮುಂದೆ
ಈ ಪದ ಆಡಿದ ನೆನಪಿಲ್ಲ.
ಬಾಯಲ್ಲಿ ಹೊಸ ಹಲ್ಲು ಬಂದಂತೆ
ನಾಲಿಗೆ ಅಲ್ಲಿಗೇ ಹೋಗುತ್ತಿತ್ತು.

ಆಮೇಲೆ ಯಾರು ಏನು ಮಾಡಿದರೆಂದು ಕ್ರಮವಾಗಿ ಹೇಳಲಾರೆ.
ಮರಳು ಬಂತು, ಇದ್ದಿಲ ಚೂರು ಬಂತು ಇಸ್ತ್ರಿ ಅಂಗಡಿಯಿಂದ,
ತಳ ಕತ್ತರಿಸಿದ ಬಾಟಲಿ, ನನ್ನ ಚಪಾತಿ ಡಬ್ಬಿ.
ಬಟ್ಟೆ ಬೇಕಿತ್ತು. ತಿರುಗಿ ನೋಡಿದರೆ
ಹೊಂಗೆಯ ಕೆಳಗೆ ಕುರ್ಚಿ ಖಾಲಿ.
ಆಂಜಿನಪ್ಪ ಸರ್ ತೂಬಿನ ಕಲ್ಲ ಮೇಲೆ ಕುಕ್ಕರಗಾಲಲ್ಲಿ,
ತಮ್ಮ ಕರ್ಚೀಫು ಬಿಡಿಸಿ
ನಾಲ್ಕು ಮೂಲೆ ನಾಲ್ಕು ಮಕ್ಕಳಿಗೆ ಕೊಟ್ಟು,
‘ಜಗ್ಗಬೇಡ್ರೋ, ಮಧ್ಯ ಗುಳಿ ಬರ್ಲಿ’ ಅನ್ನುತ್ತಿದ್ದರು.

ಮೂರು ಸಲ ಸೋಸಿದೆವು.
ಬಣ್ಣ ಹೋಯಿತು.
ವಾಸನೆ ಇತ್ತು.

ಬಂದ ಅಂಕ ಹದಿನಾಲ್ಕು.
ಷರಾ: ‘ಉದ್ದೇಶದಿಂದ ದೂರ ಸರಿದಿದೆ.
ಸಮಯಪಾಲನೆ ಇಲ್ಲ (ಒಂದು ಗಂಟೆ ಹತ್ತು ನಿಮಿಷ).
ಮಕ್ಕಳ ಪಾಲ್ಗೊಳ್ಳುವಿಕೆ: ಇದೆ.’
ಆ ‘ಇದೆ’ಯ ಕೆಳಗೆ
ಪೆನ್ನು ಎರಡು ಸಲ ಓಡಿದೆ.
ಕರ್ಚೀಫನ್ನು ಅವರು ವಾಪಸು ಕೇಳಲಿಲ್ಲ.

ಈಗ ಹಿಂದಿನ ಬೆಂಚಿನ ಕಿಟಕಿಯಲ್ಲಿ
ಬಾಟಲಿಯೊಂದಿದೆ, ಆ ದಿನದ್ದು,
ನಾಗವೇಣಿ ಬಲವಂತವಾಗಿ ಕೊಟ್ಟದ್ದು.
ತಳದಲ್ಲಿ ಬೂದಿ ಬಣ್ಣದ ಒಂದು ಗೆರೆ,
ನಾನು ಎಳೆದ ಗೆರೆಗಳಿಗಿಂತ ನೇರ.
ಪರೀಕ್ಷೆಗೆ ಬೆಂಚು ಸರಿಸುವ ದಿನ
ಪಕ್ಕದ ಹುಡುಗಿ ಅದನ್ನೆತ್ತಿ ಕೇಳಿದಳು:
‘ಆಂಟಿ, ಇದನ್ನ ಚೆಲ್ಲಿಬಿಡ್ಲಾ?’

ಅಲ್ಲಾಡಿಸಬೇಡ, ಅಂದೆ.
ಇನ್ನೂ ತಂಗುತ್ತಿದೆ.