ಗುಂಡಿಯ ಲೆಕ್ಕ

ಮೇ ತಿಂಗಳಲ್ಲಿ ನಕ್ಷೆ ಹಿಡಿದು ಹೋದಾಗ
ಹಸನಬ್ಬರ ಒಂಬತ್ತು ಸೆಂಟ್ಸು
ಕೊಣಾಜೆ ಕಡೆಯ ಪಾದೆಯ ಮೇಲೆ
ಒಲೆಯಿಂದ ಇಳಿಸಲು ಮರೆತ ಕಾವಲಿಯ ಹಾಗಿತ್ತು.
ಒಂದು ಪುನರ್ಪುಳಿ, ಎರಡು ಗೇರು, ಒಣಗಿದ ಮುಳಿಹುಲ್ಲು.
ಬೇರೇನೂ ಇಲ್ಲ ಅಂತ ಬರೆದುಕೊಂಡೆ.

ಮೈಮುನಾ ಕಾಗದದ ಮೂಲೆಗೆ ಚಹಾದ ಗ್ಲಾಸಿಟ್ಟು
ತುಂಬ ಹೊತ್ತು ನೋಡಿದರು.
"ಚಂದ ಉಂಟು. ಆದರೆ ಆಟಿಯಲ್ಲೊಮ್ಮೆ ಬನ್ನಿ,
ಆಮೇಲೆ ಮಾತಾಡುವ."

ಆಟಿಯ ಕೊನೆಗೆ ಹೋದೆ. ಕೊಡೆ ಮಗುಚಿತು.
ನಾನು ಅಡುಗೆಮನೆ ಬರೆದಲ್ಲಿ
ಮೊಣಕಾಲುದ್ದದ ಕೆಂಪು ನೀರು
ಮೇಲಿನ ಗುಡ್ಡೆಯಿಂದ ಇಳಿದು
ಯಾರನ್ನೂ ಕೇಳದೆ ಕೆಳಗಿನ ಗದ್ದೆಗೆ ಹೋಗುತ್ತಿತ್ತು.
ಮೂವತ್ತೊಂದು ವರ್ಷ ಸಿಟಿ ಬಸ್ಸಿನಲ್ಲಿ ಸೀಟಿ ಊದಿದ ಹಸನಬ್ಬ
ಲುಂಗಿ ಎತ್ತಿ ಕಟ್ಟಿ ನಕ್ಕರು:
"ಇದು ಪಾಸಿನ ಗಿರಾಕಿ ಮೇಡಂ.
ನಡುವೆ ಇಳಿಸಲಿಕ್ಕಾಗುವುದಿಲ್ಲ."

ಏನೂ ಇಲ್ಲದ ಆ ಕಲ್ಲಿನ ಮೈಯಲ್ಲಿ
ಉಗುರಿಗಿಂತ ಸಣ್ಣ ನೀಲಿ ಹೂ, ಕಣ್ಣು ಹರಿದಷ್ಟೂ.
ಟೇಪು ಎಳೆಯುತ್ತಾ ಹಿಂದೆ ಹಿಂದೆ ನಡೆದು
ಎಷ್ಟನ್ನು ತುಳಿದೆನೋ.

ರಬ್ಬರು.
ಅಡುಗೆಮನೆ ಮೂಡಕ್ಕೆ ಸರಿಯಿತು, ಕೋಣೆಗಳು ಇತ್ತ ಕಡೆ,
ನಡುವೆ ನೀರಿಗೆ ಅದರ ದಾರಿ,
ನಮಗೆ ದಾಟಲು ಒಂದು ಸಂಕ.
ಕಾರಿನ ಜಾಗ? ಕಾರೇ ಇಲ್ಲ. ಅಳಿಸು.
ಪಡುವಣಕ್ಕೆ ಅಗಲದ ಗಾಜು, ಕಡಲ ಗೆರೆ ಕಾಣಲೆಂದು,
ಅದು ನನ್ನ ಆಸೆ, ಅವರದ್ದಲ್ಲ.
ಮಳೆ ಹೊಡೆಯುವುದು ಆ ಕಡೆಯಿಂದಲೇ.
ಹಂಚಿನ ಮಾಡು ಎದೆಮಟ್ಟಕ್ಕೆ ತಲೆ ತಗ್ಗಿಸಿತು.

ಇನ್ನು ಕಲ್ಲು. "ಲಾರಿಗೆ ಹೇಳುವ," ಎಂದೆ,
ಹಾಗೇ, ಬಾಯಿಗೆ ಬಂದಂತೆ.
ಅಂಗಾರ ಮೇಸ್ತ್ರಿ ಎಲೆಯಡಿಕೆ ಉಗಿದು ಬಂದು ಹೇಳಿದರು:
"ಪ್ರತಿ ಮನೆಗೂ ಒಂದು ಗುಂಡಿ ಉಂಟಮ್ಮ,
ಕಂಡವರ ಗುಡ್ಡೆಯಲ್ಲಿ."

ನಲವತ್ತೆರಡು ಮನೆ ಬರೆದಿದ್ದೇನೆ ನಾನು.
ಒಂದರ ಗುಂಡಿಯನ್ನೂ ನೋಡಿರಲಿಲ್ಲ.
ಅಂದು ಸಂಜೆ ಸ್ಕೂಟರು ತಿರುಗಿಸಿ ಒಂದು ಕೋರೆಗೆ ಹೋದೆ.
ನೆಟ್ಟಗೆ ಕೊಯ್ದ ಗೋಡೆಗಳು, ಬಾಗಿಲಿಲ್ಲ, ಮಾಡಿಲ್ಲ,
ಆಳದಲ್ಲಿ ಹಸಿರು ನೀರು.
ಬೇಲಿಯಿಲ್ಲದ ದಂಡೆಯಲ್ಲಿ ಹೊಸ ಬೋರ್ಡು:
ಮಕ್ಕಳು ಈಜಬಾರದು.
ಬಣ್ಣ ಇನ್ನೂ ಪೂರ್ತಿ ಒಣಗಿರಲಿಲ್ಲ.

ಮರುದಿನ ಇದನ್ನು ಹೇಳಿದೆ. ಮೈಮುನಾ ಮೀನು ಕೊಯ್ಯುತ್ತಿದ್ದರು,
ಕತ್ತಿ ನಿಂತಿತು.
"ಹಾಗಾದರೆ ನಮ್ಮ ಗುಂಡಿ ನಮ್ಮಲ್ಲೇ ಇರಲಿ."

ಮಳೆ ಬಿಟ್ಟ ಮೇಲೆ ಕೊಡಲಿ ಇಳಿಯಿತು.
ಭೂಮಿಯೊಳಗೆ ಆ ಕಲ್ಲು ಇನ್ನೂ ಬೆಣ್ಣೆ ಬಿಸ್ಕತ್ತು,
ಗಾಳಿ ತಗುಲಿದಷ್ಟೂ ಗಟ್ಟಿ.
ಎರಡು ಸಾವಿರದ ನೂರ ಅರವತ್ತು ತುಂಡು,
ಹಸನಬ್ಬ ಹಳೆ ಟಿಕೇಟು ಪುಸ್ತಕದ ಬೆನ್ನಿಗೆ ಗೀಟು ಹಾಕಿ ಎಣಿಸಿದ್ದು.
ಉದ್ದ ಹದಿನೈದಡಿ, ಅಗಲ ಹದಿಮೂರು,
ಒಂಬತ್ತನೇ ಅಡಿಗೆ ಬಿಳಿ ಶೇಡಿಮಣ್ಣು.
ಅಲ್ಲಿಗೆ ನಿಲ್ಲಿಸಿದೆವು.
ಮೆಟ್ಟಿಲು ಬಿಟ್ಟೆವು, ಬೇಲಿ ಮೊದಲೇ ಹಾಕಿದೆವು.

ಪಂಚಾಯತಿನ ನಮೂನೆಯಲ್ಲಿ ಗುಂಡಿಗೆ ಕಾಲಂ ಇಲ್ಲ.
'ಇತರೆ' ಎಂದು ಬರೆದೆ.

ಈಗ ಎರಡನೆಯ ಮಳೆಗಾಲ.
ನೀರು ಸಂಕದಡಿ ನುಸುಳಿ ಬರುತ್ತದೆ, ಗುಂಡಿಗೆ ಬೀಳುತ್ತದೆ,
ತುಂಬಿದ ಮೇಲೆ ಉಳಿದದ್ದು ಗದ್ದೆಗೆ, ಅದೇ ಹಳೆಯ ರೂಟು.
ಕಪ್ಪೆಗಳು ಎಲ್ಲಿಂದ ಬಂದವೋ, ನಕ್ಷೆಯಲ್ಲಿರಲಿಲ್ಲ.

ಮನೆ ನೋಡಲು ಬಂದವರನ್ನು ಮೈಮುನಾ
ಮೊದಲು ಬೇಲಿಯ ಹತ್ತಿರ ಕರೆದೊಯ್ಯುತ್ತಾರೆ.
"ಇದರ ಒಳಗಿದ್ದದ್ದೇ ಅಲ್ಲಿ ನಿಂತಿರುವುದು,"
ಎಂದು ಗೋಡೆಯ ಕಡೆ ಗಲ್ಲ ತೋರಿಸುತ್ತಾರೆ.
ಕೆಲವರಿಗೆ ಅರ್ಥವಾಗುತ್ತದೆ.
ಕೆಲವರು ಟೈಲ್ಸ್ ಯಾವಾಗ ಎಂದು ಕೇಳುತ್ತಾರೆ.

ಪಡುವಣ ಮೂಲೆ ಒಂದು ಕಡೆ ಸೋರುತ್ತದೆ ಇನ್ನೂ.
ಪಾತ್ರೆ ಇಟ್ಟಿದ್ದಾರೆ.
ಮಳೆ ಜೋರಿರುವಾಗಲೇ ಬನ್ನಿ ಎಂದಿದ್ದಾರೆ,
ನಿಂತ ಮೇಲೆ ಏನೂ ಕಾಣುವುದಿಲ್ಲವಂತೆ.