ಇನ್ನೂರ ಐವತ್ತನಾಲ್ಕು

ತುಲ್ಚಾ ಬಂದರಿನ ಕಚೇರಿಗೆ, ಮಾರ್ಚಿನ ಕೆಸರು ತುಳಿದು,
ಸೆವ್ದಿಯೆ ಒಂದು ಫ್ಲಾಪಿ ತಂದಳು
ಹಾಲಿನ ಪುಡಿಯ ಡಬ್ಬಿಯಲ್ಲಿ, ಕರವಸ್ತ್ರ ಸುತ್ತಿ.
ಗಂಡ ಇಪ್ಪತ್ತೆರಡು ವರ್ಷ ದೋಣಿಯ ಎಂಜಿನ್ನಿಗೆ ಎಣ್ಣೆ ಬಿಟ್ಟವನು.
ಪಿಂಚಣಿಯವರಿಗೆ ಅವನ ಹೆಸರು ಬೇಕಂತೆ,
ಹಾಜರಿ ಪಟ್ಟಿಯಲ್ಲಿ, ಅಚ್ಚಾಗಿ.

ಎಡಿಟರ್ ನನ್ನದೇ, ಹನ್ನೊಂದು ವರ್ಷದಿಂದ ತಿದ್ದಿ ತೀಡಿದ್ದು.
ಕಡತ ತೆರೆದೆ.
ಪರದೆ ತುಂಬ ಕರಿಯ ವಜ್ರಗಳು,
ಒಂದೊಂದರ ಹೊಟ್ಟೆಯಲ್ಲೂ ಬಿಳಿಯದೊಂದು ಪ್ರಶ್ನೆ.

‘ಇದೇನೇ ಅನ್ಫೀಸಾ, ಇಸ್ಪೀಟು?’

ಕಡತದಲ್ಲಿ ಅಕ್ಷರ ಇರೋದಿಲ್ಲ ಅಜ್ಜಿ, ಅಂಕಿ ಇರುತ್ತೆ.
ಅಂಕಿಗೆ ಬಾಯಿಲ್ಲ, ಕೋಷ್ಟಕ ಹೇಳಿದ್ದೇ ಮಾತು.
ಇನ್ನೂರ ಐವತ್ತನಾಲ್ಕನ್ನೇ ತಗೊ:
ರುಮೇನಿಯದ ಗುಮಾಸ್ತ ಒತ್ತಿದ್ದರೆ ತ್ಸ,
ನಿಮ್ಮ ತುರ್ಕಿಯವರ ಕೋಷ್ಟಕದಲ್ಲಿ ಶ,
ನಮ್ಮ ಲಿಪೋವನ್ನರ ರಷ್ಯನ್ನಿನಲ್ಲಿ ಚ,
ಎಲ್ಲೋ ಐಸ್‌ಲ್ಯಾಂಡಿನಲ್ಲಿ
ಹಲ್ಲಿಗೆ ನಾಲಿಗೆ ಕೊಟ್ಟು ಊದುವ ಒಂದು ಥ.
ಈಗಿನ ಕಟ್ಟಳೆಯಲ್ಲೋ
ಆ ಅಂಕಿಗೆ ಹೊಸಿಲು ದಾಟಲು ಬಿಡುವುದಿಲ್ಲ.
ಮೂರು ಪಾಳಿಯ ಮೂವರು ಗುಮಾಸ್ತರು
ಮೂರು ಕೋಷ್ಟಕದಲ್ಲಿ ಒಂದೇ ಪಟ್ಟಿ ಬರೆದಿದ್ದಾರೆ, ನೋಡು.

ಹೇಳುತ್ತಲೇ ಕೈ, ರೂಢಿಯಂತೆ, ಉಳಿಸು ಒತ್ತಿತು.

ಡಿಸ್ಕ್ ಒಪ್ಪಲಿಲ್ಲ.
ಮೂಲೆಯ ಪುಟ್ಟ ಕಿಟಕಿ ತೆರೆದಿತ್ತು: ಓದಬಹುದು, ಬರೆಯಲಾಗದು.
‘ಅವನೇ ಸರಿಸಿಟ್ಟದ್ದು,’ ಅಂದಳು,
‘ಸಕ್ಕರೆ ಡಬ್ಬಕ್ಕೂ ಬೀಗ ಹಾಕುತ್ತಿದ್ದ ಮಹಾರಾಯ.’

ನನಗೆ ಬೆನ್ನು ತಣ್ಣಗಾಯಿತು.
ಆ ಕಿಟಕಿ ಮುಚ್ಚಿದ್ದರೆ
ತ್ಸ, ಶ, ಚ ಎಲ್ಲಕ್ಕೂ ಅದೇ ಒಂದು ವಜ್ರ;
ಒಂದು ಅಂಕಿ ಸತ್ತ ಜಾಗಕ್ಕೆ ಮೂರು ಅಂಕಿ,
ಇನ್ನೂರ ಮೂವತ್ತೊಂಬತ್ತು, ನೂರ ತೊಂಬತ್ತೊಂದು, ನೂರ ಎಂಬತ್ತೊಂಬತ್ತು.
ದಾನ್ಯೂಬಿನಲ್ಲಿ ನಾಲ್ಕು ದಿನ ಬಿದ್ದ ಹೆಣದ ಹಾಗೆ
ಕಡತ ಊದಿಕೊಳ್ಳುತ್ತಿತ್ತು,
ಗುರುತು ಹಿಡಿಯಲು ಯಾರಿಂದಲೂ ಆಗುತ್ತಿರಲಿಲ್ಲ.
ಮತ್ತೆ ಈ ಹನ್ನೊಂದು ವರ್ಷ?
ತೆರೆದದ್ದೆಷ್ಟು, ನೀಟಾಗಿ ಉಳಿಸಿದ್ದೆಷ್ಟು,
‘ಸರಿಪಡಿಸಲಾಗಿದೆ’ ಎಂದು ಹಸಿರು ಅಕ್ಷರದಲ್ಲಿ
ನಾನೇ ಬರೆಸಿದ್ದೆಷ್ಟು.

ರಾತ್ರಿ ಕೂತು ಬದಲಿಸಿದೆ.
ಅರ್ಥವಾಗದ ಬೈಟನ್ನು ತಿದ್ದಬೇಡ.
ಪಕ್ಕದಲ್ಲೊಂದು ಮಣೆ ಹಾಕಿ ಕೂರಿಸು.
ಕುಲ ಕೇಳಬೇಡ.
ಹೊರಟಾಗ ಬಂದ ಹಾಗೇ ಕಳಿಸಿಕೊಡು.
ಹದಿನಾಲ್ಕು ಸಾಲು ಕೋಡು, ಅದರಲ್ಲಿ ಐದು ತಪ್ಪು;
ಬೆಳಗಿನ ಮೊದಲ ದೋಣಿ ಕೂಗುವಾಗ ಕೊನೆಯದು ಸಿಕ್ಕಿತು.

ಮರುದಿನ ಇಬ್ಬರೂ ಒಂದೇ ಕುರ್ಚಿಯ ಅಂಚಿಗೆ.
ನಾನು ಓದಿದೆ: ನೆ. ಇನ್ನೂರ ಐವತ್ತನಾಲ್ಕು. ಎತ್.
‘ನೆಶೆತ್,’ ಅಂದಳು,
ಊಟ ಆರುತ್ತಿದೆ ಬಾ ಎನ್ನುವ ದನಿಯಲ್ಲಿ.

ಅವಳು ನಿಲ್ಲಲಿಲ್ಲ. ಪಟ್ಟಿಯುದ್ದಕ್ಕೂ ಬೆರಳು.
ನಿತ್ಸಾ, ಕುಡುಕ, ಆದರೂ ಒಳ್ಳೆಯವನು.
ರಷ್ಯನ್ ಸಾಲು ಅಡಿಯಿಂದ ಮುಡಿಯವರೆಗೆ ಅಂಕಿಗಳೇ;
ಕೋಷ್ಟಕ ಬದಲಿಸಿದೆ, ಚೆರ್ನೆಗಾ ಎದ್ದು ಕೂತ.
‘ಇವನಾ! ಬಲೆ ತಗೊಂಡು ಹೋದವನು ಕೊಡಲೇ ಇಲ್ಲ.’

ನಲವತ್ತೇಳನೆಯ ಸಾಲು.
ತುರ್ಕಿಯಲ್ಲಿ ಓದಿದರೆ ಗ್ರಿಶಾ,
ರುಮೇನಿಯನ್ನಿನಲ್ಲಿ ಗ್ರಿತ್ಸಾ.
ಯಾವ ಪಾಳಿ ಎಂದು ಬರೆದಿಲ್ಲ.
‘ಇಬ್ಬರೂ ಇದ್ದರಲ್ಲೇ,’ ಎಂದು ನಕ್ಕಳು;
ನಗು ಅರ್ಧಕ್ಕೇ ನಿಂತು, ಪರದೆಗೆ ಇನ್ನಷ್ಟು ಬಗ್ಗಿ,
ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿ, ಸುಮ್ಮನಾದಳು.

ಅಚ್ಚು ಹಾಕಿ ಕೊಟ್ಟೆ. ಮೊಹರು ಬಿತ್ತು.
ಆ ಒಂದು ಸಾಲು ಮಾತ್ರ ಮುಟ್ಟಲಿಲ್ಲ:
ಗ್ರಿ. ಇನ್ನೂರ ಐವತ್ತನಾಲ್ಕು. ಆ.