ಕೈಗುಣ

ಗುಳೇದಗುಡ್ಡ ದಾಟಿ ಎರಡು ಹರದಾರಿ, ನಮ್ಮೂರು.
ಸಾಹೇಬ್ರ ದವಾಖಾನಿಗೆ ಬೋರ್ಡ್ ಇರಲಿಲ್ಲ, ಬೇಕೂ ಆಗಿರಲಿಲ್ಲ.
ಹಿಟ್ಟಿನ ಗಿರಣಿ ಬಾಜೂಕ, ಹಸರ ಪರದೆ,
ಹೊರಗ ಬಿಟ್ಟ ಚಪ್ಪಲಿ ಎಣಿಸಿದರ ಗೊತ್ತಾಗತಿತ್ತು
ಇವತ್ತ ಊರಾಗ ಎಷ್ಟು ಜ್ವರ ಅಂತ.

ನಾನು ಸೂಜಿ ಕುದಿಸಾಂವ.
ಕುದಿಸೂದಂದ್ರ ಏನ, ಗ್ಯಾಸ್ ತುಟ್ಟಿ,
ಬಿಸಿನೀರಾಗ ಅದ್ದಿ ತಗಿಯೂದು, ಅರಿವ್ಯಾಗ ಒರಸೂದು.
ಎಸ್ಸೆಸ್ಸೆಲ್ಸಿ ಎರಡು ಸಲ ಫೇಲಾದಾಂವ ನಾನು.
ಸಾಹೇಬ್ರು ಎಷ್ಟು ಕಲಿತಾರ ಅಂತ ಕೇಳಿದವರಿಲ್ಲ.
ಹುಬ್ಬಳ್ಳಿಯ ಯಾವುದೋ ಆಸ್ಪತ್ರ್ಯಾಗ ಒಂಬತ್ತು ವರ್ಷ
ಸ್ಟ್ರೆಚರ್ ದಬ್ಬಿದ್ದರು. ಅದನ್ನ ಅವರು ಒಮ್ಮೆ,
ಕರೆಂಟು ಹೋದಾಗ, ಕತ್ತಲದಾಗ ಹೇಳಿದ್ದರು.

ಮಂದಿ ಕೇಳತಿದ್ದದ್ದು ಒಂದ: ಕೈಗುಣ ಹೆಂಗೈತಿ?
ಛಲೋ ಐತಿ.
ಅಷ್ಟ.

ಕುಣಿಮಗ್ಗದಾಗ ಕಾಲು ಇಳಿಬಿಟ್ಟು ಕುಂತವರು
ಸಂಜಿಕ ನಡ ಹಿಡಕೊಂಡು ಬರತಿದ್ದರು.
ಗುಳಿಗಿ ಬ್ಯಾಡ್ರೀ, ಸೂಜಿ ಮಾಡ್ರಿ.
ಮರುದಿನ ಲಾಳಿ ಮತ್ತ ಓಡತಿತ್ತು, ಟಕಾ ಟಕಾ,
ಓಣಿ ತುಂಬ ನಮ್ಮ ಹೆಸರು.

ಸಾವಂತ್ರೆವ್ವ, ನಮ್ಮ ಸಣ್ಣತ್ತಿ,
ಖಣದಾಗ ಒಂದ ಎಳಿ ತಪ್ಪಿದರ
ನಡುರಾತ್ರಿ ಎದ್ದು ಕುಂತು ಬಿಚ್ಚಾಕಿ.
ಮೊಣಕಾಲು ಬ್ಯಾನಿಗೆ ನಾನ ಕರಕೊಂಡು ಹೋದೆ.
ದಿನಾ ಒಂದು ಸಣ್ಣ ಬಿಳಿ ಗುಳಿಗಿ, ವಾರಕ್ಕೊಂದು ಸೂಜಿ.
ಎರಡು ತಿಂಗಳಿಗೆ ಮಾರಿ ದುಂಡಗಾತು.
ಮೈ ಹಿಡದಾಳ ನೋಡು, ಅಂದರು ಓಣಿಯವರು,
ಈ ವಯಸ್ಸಿನ್ಯಾಗ ಬಾಣಂತಿಯಂಗ ಕಾಣತಾಳ!
ಮೆಣಸಿನಕಾಯಿ ಸುಟ್ಟು ದೃಷ್ಟಿ ತಗದರು.
ಊದಿದ್ದನ್ನ ಉಂಡದ್ದು ಅಂದುಕೊಂಡಿವಿ.

ನಡುವ ಒಂದು ಮಾತು ಹೇಳಬೇಕು.
ಶ್ರಾವಣದಾಗ ಸಾಹೇಬ್ರ ಮಗಳಿಗೆ ಜ್ವರ ಬಂತು,
ಮೂರು ವರ್ಷದ ಕೂಸು.
ಸೂಜಿ ಕುದಿಸಿಟ್ಟೆ. ಆವತ್ತು ಖರೇನ ಕುದಿಸಿದ್ದೆ.
ಅವರು ಕೂಸಿನ ತೊಡಿ ನೋಡಿದರು,
ಸೂಜಿ ನೋಡಿದರು,
ತಮ್ಮ ಕೈ ನೋಡಿಕೊಂಡರು.
ಆಮ್ಯಾಲ ಗಾಡಿಗೆ ಕಿಕ್ ಹೊಡದು
ಬಾಗಲಕೋಟಿಗೆ ಹೋದರು, ಎಂಡಿ ಡಾಕ್ಟರ ಕಡೆ.
ಹೊರಗ ಹನ್ನೊಂದು ಜೋಡು ಚಪ್ಪಲಿ ಇದ್ದವು.
ನೀನ ನೋಡಿಕೋ, ಅಂದು ಹೋಗಿದ್ದರು ನನಗ.

ನೋಡಿಕೊಂಡೆ.

ಚಳಿ ಹತ್ತಿದಾಗ ಅತ್ತಿಯ ಗುಳಿಗಿ ತೀರಿದವು, ರೊಕ್ಕ ಇರಲಿಲ್ಲ,
ಬಿಟ್ಟಳು. ನಾಕನೇ ದಿನ ಮಗ್ಗದ ಕುಣಿಯಿಂದ ಏಳಲಿಲ್ಲ.
ಎತ್ತಿ ಟಂಟಂದಾಗ ಹಾಕಿಕೊಂಡು ಬಾಗಲಕೋಟಿಗೆ ಹೋದಿವಿ.
ಏನ ಗುಳಿಗಿ ಅದು? ಅಂದರು ಡಾಕ್ಟರಮ್ಮ.
ಬಿಳೀದು, ಅಂದೆ.
ಹೆಸರು?
ಸಣ್ಣದು, ಅಂದೆ.
ಚೀಟಿ?
ನಾವು ಚೀಟಿ ಕೊಡತಿದ್ದಿಲ್ಲ, ಅಂದೆ. ನಾವು ಅಂದೆ.
ಅವರು ಬರಿಯೂದು ನಿಲ್ಲಿಸಿ ನನ್ನ ಕೈ ನೋಡಿದರು.

ಮಗ್ಗದ ಮ್ಯಾಲ ಅರ್ಧಾ ಖಣ ಇನ್ನೂ ಐತಿ.
ತಪ್ಪಿದ್ದು ಯಾವ ಎಳಿ ಅಂತ ನನಗ ಗೊತ್ತೈತಿ,
ಬಿಚ್ಚಾಕ ಬರೂದಿಲ್ಲ.

ತಾಲೂಕಿನ ಜೀಪು ಬಂದು ಬಾಗಿಲಕ ಅರಗು ಹಚ್ಚಿ ಹೋತು.
ಸಾಹೇಬ್ರು ಹಿಂದಿನ ರಾತ್ರಿನ ಗಂಟು ಕಟ್ಟಿದ್ದರು,
ಯಾವ ಊರಾಗ ಈಗ ಹಸರ ಪರದೆ ತೂಗ್ಯಾರೋ.
ಮಂದಿ ಬೈದದ್ದು ಜೀಪಿಗೆ. ದೇವರಂಥಾ ಮನಶ್ಯಾನ್ನ ಓಡಿಸಿದರು.
ಬೈದರೂ ತಪ್ಪೇನ?
ಸರಕಾರಿ ದವಾಖಾನಿ ಕುರ್ಚಿ ಮ್ಯಾಲ ಟವೆಲ್ಲು ಐತಿ,
ಟವೆಲ್ಲಿಗೆ ತೋರಿಸಾಕ ಬರತೈತೇನ ಕೆಮ್ಮು?

ನಿನ್ನೆ ರಾತ್ರಿ ಬಾಗಿಲು ಬಡದರು.
ಸಂಗನಬಸು, ಹೆಗಲ ಮ್ಯಾಲ ಮಗ, ಕೆಂಡದಂಥಾ ಮೈ.
ಒಂದು ಸೂಜಿ ಮಾಡಿಬಿಡೋ ಅಣ್ಣಾ,
ನೀ ಸಾಹೇಬ್ರ ಹಂತ್ಯಾಕ ಪಳಗಿದಾಂವ,
ನಿನ್ನ ಕೈಗುಣಾನೂ ಛಲೋ ಅಂತಾರ.

ಟ್ರಂಕಿನ್ಯಾಗ ಒಂದು ಡಬ್ಬಿ ಐತಿ,
ಅರಗು ಬೀಳೂಕಿಂತ ಮೊದಲ ತಂದದ್ದು. ಯಾರಿಗೂ ಹೇಳಿಲ್ಲ.
ಎರಡೂಕಾಲು ಗಂಟೆ. ಮೊದಲನೇ ಬಸ್ಸು ಐದೂವರಿಗೆ.
ಕೂಸಿನ ಹಣಿ ಮುಟ್ಟಿದೆ.
ಗಾಡಿ ಯಾರ ಕಡೆ ಐತಿ ಈಗ, ಎಬ್ಬಸು, ಅಂದೆ.

ಧ್ವನಿ ನಂದ ಇತ್ತು.
ಕೈ ಇನ್ನೂ ಟ್ರಂಕಿನ ಚಿಲಕದ ಮ್ಯಾಲ ಇತ್ತು.